ವಿದ್ಯಾರ್ಥಿ ಕ್ಷೇಮಪಾಲನಾ ವಿಭಾಗದಲ್ಲಿ ಕೂತು ನಿಜವಾಗಿ ಏನಾದರೂ ಮಾಡಲು ಆಗುತ್ತಾ?

ನಿಮ್ಮ ಪ್ರಶ್ನೆ ಓದಿದೆ. ವಿಶ್ವವಿದ್ಯಾಲಯದಲ್ಲಿ ಎಫ್‌ಡಿಎ ಆಗಿ ಹೊಸದಾಗಿ ಸೇರಿದ್ದೀರಿ, ವಿದ್ಯಾರ್ಥಿ ಕ್ಷೇಮಪಾಲನಾ ವಿಭಾಗಕ್ಕೆ ಹಾಕಿದ್ದಾರೆ. ಅಲ್ಲಿ ಕೆಲಸವೇ ಇಲ್ಲ, ಬೇರೆ ಸೆಕ್ಷನ್‌ಗೆ ಹಾಕಿಸಿಕೊಳ್ಳಿ ಅಂತ ಜೊತೆಯವರು ಹೇಳುತ್ತಿದ್ದಾರೆ. ಹಳ್ಳಿಗಳಿಂದ, ಬಡ ಮನೆಗಳಿಂದ ಬರುವ ಮಕ್ಕಳಿಗೆ ಅಲ್ಲಿಂದ ಏನಾದರೂ ಮಾಡಲು ಆಗುತ್ತಾ ಅಂತ ಕೇಳಿದ್ದೀರಿ.

ಆಗುತ್ತದೆ. ದಯವಿಟ್ಟು ಅಲ್ಲೇ ಇರಿ. ನಾನು 1993ರಲ್ಲಿ ಎಸ್‌ಡಿಎ ಆಗಿ ಸೇರಿ ಉಪ ಕುಲಸಚಿವನಾಗಿ ನಿವೃತ್ತನಾದೆ. 31 ವರ್ಷದ ಸರ್ವಿಸ್‌ನಲ್ಲಿ 19 ವರ್ಷ ಇದೇ ಕೆಲಸ. ಹಾಸ್ಟೆಲ್, ಸ್ಕಾಲರ್‌ಶಿಪ್, ಎಸ್‌ಸಿ-ಎಸ್‌ಟಿ ಸೆಲ್. ನಮ್ಮ ವಿಶ್ವವಿದ್ಯಾಲಯದ ಹೆಸರು ಇಲ್ಲಿ ಬೇಡ.

ಈ ಕೆಲಸದಲ್ಲಿ ನಾನು ಕಲಿತದ್ದು ಒಂದೇ. ಬಿಟ್ಟು ಹೋಗುವ ಮಕ್ಕಳು ಹೇಳಿ ಹೋಗುವುದಿಲ್ಲ. ಟಿಸಿ ಕೇಳಲು ಬಂದರೆ ನಮಗೆ ಗೊತ್ತಾಗುತ್ತದೆ. ಎಷ್ಟೋ ಮಕ್ಕಳು ಅದನ್ನೂ ಕೇಳಲ್ಲ. ದಸರಾ ರಜೆಗೆ ಊರಿಗೆ ಹೋಗುತ್ತಾರೆ, ವಾಪಸ್ ಬರುವುದಿಲ್ಲ, ಅಷ್ಟೆ. ವಿಭಾಗದಲ್ಲಿ ಹಾಜರಾತಿ 75% ಇಲ್ಲ, ಶಾರ್ಟೇಜ್ ಅಂತ ಬರೆಯುತ್ತಾರೆ. ಹಾಸ್ಟೆಲ್‌ನಲ್ಲಿ ಜಾಗ ಖಾಲಿ ಅಂತ ಇನ್ನೊಬ್ಬರಿಗೆ ಕೊಡುತ್ತಾರೆ. ಪರೀಕ್ಷಾ ವಿಭಾಗದವರು ಫೀಸ್ ಕಟ್ಟಿಲ್ಲ ಅಂತ ಹಾಲ್ ಟಿಕೆಟ್ ತಡೆಯುತ್ತಾರೆ. ಮೂರು ಕಡೆಯೂ ಇರುವುದು ಅದೇ ಮಗು. ಆ ಮೂರು ರಿಜಿಸ್ಟರ್ ಒಂದೇ ಟೇಬಲ್ ಮೇಲೆ ಇಟ್ಟು ನೋಡುವವರು ಮಾತ್ರ ಯಾರೂ ಇರುವುದಿಲ್ಲ. ಆ ಟೇಬಲ್ ಈಗ ನಿಮ್ಮದು.

ಹಿಂದುಳಿದವರಿಗೆ ಅವಕಾಶ ಕೊಡುವ ಮಾತು ನಮ್ಮಲ್ಲಿ ನಾಲ್ವಡಿಯವರ ಕಾಲದಿಂದ, 1918ರ ಮಿಲ್ಲರ್ ಸಮಿತಿಯಿಂದ ನಡೆದಿದೆ. ಮೀಸಲಾತಿ, ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿ ಎಲ್ಲ ಇದೆ. ಅದರಿಂದ ಸೀಟು ಸಿಗುತ್ತದೆ. ಸೀಟು ಸಿಕ್ಕ ಮಗು ಕೊನೆಯ ಸೆಮಿಸ್ಟರ್‌ವರೆಗೂ ಇರಬೇಕಲ್ಲ? ನಮ್ಮಲ್ಲಿ ಎಲ್ಲ ಜಾತಿ, ಎಲ್ಲ ಜಿಲ್ಲೆಯ ಮಕ್ಕಳಿದ್ದಾರೆ ಅಂತ ಅಡ್ಮಿಷನ್ ಪಟ್ಟಿ ತೋರಿಸುವುದು ಸುಲಭ. ನಾನು ಯಾವಾಗಲೂ ಎರಡನೇ ವರ್ಷದ ಪಟ್ಟಿ ಕೇಳುತ್ತಿದ್ದೆ.

ಒಬ್ಬಳು ಹುಡುಗಿಯ ವಿಷಯ ಹೇಳುತ್ತೇನೆ. ಯಾದಗಿರಿ ಕಡೆಯವಳು, ಎಂಎ ಮೊದಲ ವರ್ಷ. ಮಧ್ಯಾಹ್ನ ಊಟದ ಹೊತ್ತು, ಕೌಂಟರ್ ಮುಂದೆ ನಿಂತಿದ್ದಳು. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್, ಅದರೊಳಗೆ ಕಾಗದಗಳು. ಜಾತಿ-ಆದಾಯ ಪ್ರಮಾಣಪತ್ರವನ್ನು ಮಡಚಿ ಮಡಚಿ ಅದರ ಮೇಲಿನ ಆರ್‌ಡಿ ನಂಬರ್‌ನ (ಪ್ರಮಾಣಪತ್ರದ ಸಂಖ್ಯೆ) ಕೊನೆಯ ಎರಡು ಅಂಕಿ ಅಳಿಸಿ ಹೋಗಿದ್ದವು. "ಮೂರು ಸಲ ಬಂದೇನ್ರಿ ಸರ. ಎಲ್ಲಾರೂ ಆ ಕಡೆ ಹೋಗು ಅಂತಾರ್ರಿ" ಅಂದಳು. ಒಳಗೆ ಕರೆದು ಕೂರಿಸಿ ನೋಡಿದರೆ ತೊಂದರೆ ಇದ್ದದ್ದು ಹೆಸರಿನಲ್ಲಿ. ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಸೇರಿದೆ, ಎಸ್ಎಸ್ಎಲ್‌ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಬರೀ ಇನಿಷಿಯಲ್. ಎಸ್ಎಸ್‌ಪಿಯಲ್ಲಿ, ಅಂದರೆ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ, ಅರ್ಜಿ ಮುಂದೆ ಹೋಗುತ್ತಿಲ್ಲ. ಜೊತೆಗೆ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲಿಲ್ಲ, ಹಾಗಾಗಿ ಮಂಜೂರಾದರೂ ದುಡ್ಡು ಬರುತ್ತಿರಲಿಲ್ಲ. ಎರಡು ಫೋನ್, ಒಂದು ಪತ್ರ, ಬ್ಯಾಂಕಿಗೆ ಒಂದು ಸಲ ಓಡಾಟ. ಒಂದು ಮಧ್ಯಾಹ್ನದ ಕೆಲಸ.

ಆದರೆ ಪರೀಕ್ಷಾ ಶುಲ್ಕಕ್ಕೆ ಮರುದಿನವೇ ಕೊನೆ. ಸ್ಕಾಲರ್‌ಶಿಪ್ ಬರಲು ಇನ್ನೂ ತಿಂಗಳುಗಳು ಬೇಕು. ಸೆಕ್ಷನ್‌ನವರೆಲ್ಲ ಸೇರಿ ಆ ಚಲನ್ ಕಟ್ಟಿದೆವು. ಅವಳು ಆ ವಾರವೇ ಊರಿಗೆ ಹೋಗಿ ಹತ್ತಿ ಬಿಡಿಸುವ ಕೂಲಿಗೆ ನಿಲ್ಲಬೇಕು ಅಂತ ಮಾಡಿದ್ದಳಂತೆ. ಅದು ನನಗೆ ಎರಡನೇ ವರ್ಷದಲ್ಲಿ ಗೊತ್ತಾಯಿತು, ಅವಳೇ ಹೇಳಿದ್ದು.

ಇದು ನಮ್ಮ ದೇಶದ ಕಥೆ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ಅಟ್ಲಾಂಟಾದಲ್ಲಿ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯ ಇದೆ. ಬಡವರು, ಕಪ್ಪು ಜನರ ಮಕ್ಕಳು ಜಾಸ್ತಿ ಓದುವ ಕಡೆ. 2003ರ ಹೊತ್ತಿಗೆ ಅಲ್ಲಿ, ಸೇರಿದ 100 ಮಕ್ಕಳಲ್ಲಿ 32 ಮಂದಿ ಮಾತ್ರ ಆರು ವರ್ಷದೊಳಗೆ ಡಿಗ್ರಿ ಮುಗಿಸುತ್ತಿದ್ದರು. ಟಿಮೊತಿ ರೆನಿಕ್ ಅನ್ನುವ ಆಡಳಿತಗಾರರು ಮತ್ತು ಅವರ ಜೊತೆಯವರು ಯಾರು ಎಲ್ಲಿ ಎಡವುತ್ತಿದ್ದಾರೆ ಅಂತ ಹುಡುಕಲು ಶುರು ಮಾಡಿದರು. ಫೀಸಿನಲ್ಲಿ ಸ್ವಲ್ಪ ಬಾಕಿ ಉಳಿದು ಹೆಸರು ತೆಗೆದುಹಾಕುವ ಹಂತಕ್ಕೆ ಬಂದವರಿಗೆ, ಅರ್ಜಿ ಕೂಡ ಕೇಳದೆ, ಆ ಬಾಕಿಯನ್ನು ತಾವೇ ತುಂಬಿದರು. 2012ರಿಂದ ಪ್ರತಿ ವಿದ್ಯಾರ್ಥಿಯ ಅಂಕ, ಕೋರ್ಸ್ ಎಲ್ಲವನ್ನೂ ಕಂಪ್ಯೂಟರ್‌ನಲ್ಲಿ ದಿನಾ ನೋಡಿ, ದಾರಿ ತಪ್ಪಿದ ಕೂಡಲೇ ಸಲಹೆಗಾರರು ಕರೆದು ಮಾತಾಡಿಸುವ ವ್ಯವಸ್ಥೆ ಮಾಡಿದರು. ಆ 32, ಆಮೇಲೆ 50 ದಾಟಿತು. ಕಪ್ಪು ಮಕ್ಕಳಿಗೂ ಬಿಳಿಯರಿಗೂ ಇದ್ದ ಅಂತರ ಅಲ್ಲಿ ಹೋಯಿತು. ಇದನ್ನು ಓದಿದಾಗ ನನಗೆ ಆ ಪ್ಲಾಸ್ಟಿಕ್ ಕವರ್ ನೆನಪಾಯಿತು.

ನನ್ನಿಂದ ಆದ ಒಂದು ತಪ್ಪನ್ನೂ ಹೇಳಬೇಕು. ಮೊದಮೊದಲು ಸ್ಕಾಲರ್‌ಶಿಪ್ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕುತ್ತಿದ್ದೆವು. ಹೆಸರು, ಅದರ ಪಕ್ಕ ಜಾತಿ ಕಾಲಂ. ನಾನೇ ಸಹಿ ಮಾಡಿದ ಪಟ್ಟಿ. ಎಚ್.ಡಿ. ಕೋಟೆ ಕಡೆಯ ಬುಡಕಟ್ಟು ಜನರ ಹಾಡಿಯಿಂದ ಬಂದಿದ್ದ ಒಬ್ಬ ಹುಡುಗ ಅಲ್ಲಿಯವರೆಗೂ ಎಲ್ಲರ ಜೊತೆ ಕೂತು ಊಟ ಮಾಡುತ್ತಿದ್ದ. ಆ ಪಟ್ಟಿ ಹಾಕಿದ ಮೇಲೆ ಮೆಸ್‌ಗೆ ಎಲ್ಲರದೂ ಮುಗಿದ ಮೇಲೆ ಬರತೊಡಗಿದ. ಆಮೇಲೆ ಬರಲೇ ಇಲ್ಲ. ಅಡುಗೆಯವರು ನನಗೆ ಹೇಳುವ ಹೊತ್ತಿಗೆ ಅವನು ಹೋಗಿ ಮೂರು ವಾರ ಆಗಿತ್ತು. ಇಬ್ಬರು ಹೋಗಿ ಹುಡುಕಿದೆವು, ಸಿಕ್ಕ, ಟೀ ಕುಡಿಸಿದ, ವಾಪಸ್ ಬರಲಿಲ್ಲ. ಅವತ್ತಿನಿಂದ ನಮ್ಮ ಯಾವ ಪಟ್ಟಿಯಲ್ಲೂ ಜಾತಿ ಕಾಲಂ ಇಲ್ಲ, ಹೆಸರೂ ಇಲ್ಲ, ರಿಜಿಸ್ಟರ್ ನಂಬರ್ ಮಾತ್ರ. ನಿಮ್ಮಲ್ಲಿ ಇನ್ನೂ ಹಾಗೆ ಹಾಕುತ್ತಿದ್ದರೆ ಮೊದಲು ಅದನ್ನು ತೆಗೆಸಿ. ಇದಕ್ಕೆ ಸಿಂಡಿಕೇಟ್ ಒಪ್ಪಿಗೆ ಏನೂ ಬೇಕಿಲ್ಲ.

ಇಂಗ್ಲಿಷ್ ವಿಷಯವೂ ಹಾಗೇ. ಕನ್ನಡ ಮಾಧ್ಯಮದಲ್ಲಿ ಓದಿ ಎಂಎಸ್ಸಿಗೆ ಬಂದ ಮಕ್ಕಳಿಗೆ ಸಂಜೆ ಕ್ಲಾಸ್ ಇಟ್ಟೆವು. 'ರೆಮಿಡಿಯಲ್' ಅಂತ ಹೆಸರಿಟ್ಟಿದ್ದೆವು, ನಾಲ್ಕು ಜನ ಬಂದರು. ದಡ್ಡರ ಕ್ಲಾಸ್ ಅಂತ ಯಾರು ತಾನೇ ಬರುತ್ತಾರೆ? ಮುಂದಿನ ವರ್ಷ ಆ ಹೆಸರು ತೆಗೆದು, ಲ್ಯಾಬ್ ರೆಕಾರ್ಡ್ ಬರೆಯುವುದು ಹೇಗೆ ಅಂತ ಎಲ್ಲರಿಗೂ ಬಾಗಿಲು ತೆರೆದೆವು. ಕೂರಲು ಜಾಗ ಸಾಲಲಿಲ್ಲ.

ಸಣ್ಣ ಸಣ್ಣ ವಿಷಯ ಇನ್ನೂ ಇವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಯಿಂದ ದಿನಾ ಓಡಾಡುವ ಹುಡುಗಿಯರು ನಮ್ಮಲ್ಲಿ ಹೆಚ್ಚಾದರು. ಟಿಕೆಟ್‌ಗೆ ದುಡ್ಡು ಕೊಡಬೇಕಿಲ್ಲ ಸರಿ, ಆದರೆ ಅವರ ಬಸ್ ಬರುವುದೇ ಹತ್ತಕ್ಕೆ. ಒಂಬತ್ತೂವರೆ ಪೀರಿಯಡ್‌ನಲ್ಲಿ ದಿನಾ ಗೈರು. ಎರಡು ವಿಭಾಗದವರು ಟೈಮ್ ಟೇಬಲ್ ಬದಲಿಸಲು ಒಪ್ಪಿದರು. ಕಣ್ಣು ಕಾಣದ ಮಕ್ಕಳಿಗೆ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಇದೆ, ಬರೆಯುವ ಸಹಾಯಕರು ಸಿಗುತ್ತಾರೆ. ಕೊಠಡಿ ಮೇಲ್ವಿಚಾರಕರಿಗೇ ಎಷ್ಟೋ ಸಲ ಗೊತ್ತಿರಲ್ಲ. ಹಿಂದಿನ ದಿನವೇ ನೀವು ಹೋಗಿ ಹೇಳಿ ಬರಬೇಕು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗೆ ಇಷ್ಟು ಅಂತ ಹತ್ತು ತಿಂಗಳು ದುಡ್ಡು ಬರುತ್ತದೆ. ಕೊನೆಯ ದಿನಾಂಕವನ್ನು ಬೋರ್ಡಿಗೆ ಹಾಕಿ ಸುಮ್ನೆ ಕೂರಬೇಡಿ, ಕ್ಲಾಸಿಗೆ ಹೋಗಿ ಹೇಳಿ.

ಎಲ್ಲಿಂದ ಶುರು ಮಾಡಲಿ ಅಂತಲೂ ಕೇಳಿದ್ದೀರಿ. ಸೋಮವಾರ ಹಾಸ್ಟೆಲ್ ಮೆಸ್ ರಿಜಿಸ್ಟರ್ ತರಿಸಿಕೊಳ್ಳಿ. ಹತ್ತು ದಿನದಿಂದ ಊಟಕ್ಕೆ ಬಾರದವರ ಹೆಸರಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಮೊದಲು ರೂಮ್‌ಮೇಟ್‌ಗೆ ಫೋನ್ ಮಾಡಿ. ಮನೆಗೆ ಆಮೇಲೆ ಮಾಡಿ, ಆಫೀಸಿನಿಂದ ಫೋನ್ ಅಂದರೆ ತಂದೆ-ತಾಯಿಗೆ ಗಾಬರಿ ಆಗುತ್ತದೆ.