ಐದು ಗಂಟೆಯ ಸಿಟ್ಟು

ಪ್ರಶ್ನೆ: ನಾವು ಕುಂದಾಪುರದ ಕಡೆಯವರು, ಹನ್ನೆರಡು ವರ್ಷದಿಂದ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿದ್ದೇವೆ. ಗಂಡ ಹೋಟೆಲಿನಲ್ಲಿ ಮ್ಯಾನೇಜರ್. ಮನೆಗೆ ಬರುವಾಗ ರಾತ್ರಿ ಹನ್ನೊಂದಾಗುತ್ತದೆ. ನನಗೆ ಫೋರ್ಟ್‌ನಲ್ಲಿ ಕೆಲಸ, ಮನೆ ಮುಟ್ಟುವಾಗ ಮುಕ್ಕಾಲು ಎಂಟು. ಮಗನಿಗೆ 9 ವರ್ಷ. ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇದೆ ಎಂದು ಡಾಕ್ಟರು ನಾಲ್ಕು ತಿಂಗಳ ಹಿಂದೆ ಮೀಥೈಲ್‌ಫೆನಿಡೇಟ್ ಶುರು ಮಾಡಿದರು. ನಿಧಾನಕ್ಕೆ ಬಿಡುಗಡೆಯಾಗುವ ಮಾತ್ರೆಯಂತೆ. ಬೆಳಿಗ್ಗೆ ಏಳೂವರೆಗೆ ಕೊಡುತ್ತೇನೆ. ಶಾಲೆಯಿಂದ ದೂರು ಕಡಿಮೆಯಾಗಿದೆ. ಆದರೆ ಮನೆಯಲ್ಲಿ ಸಿಟ್ಟು ಜಾಸ್ತಿಯಾಗಿದೆ. ಟ್ಯೂಷನ್‌ನಲ್ಲಿ ಪುಸ್ತಕ ಹರಿದ. ತಂಗಿಯನ್ನು ನೂಕಿದ. ಹೋದ ವಾರ ಹೋಮ್‌ವರ್ಕ್ ಮಾಡು ಎಂದದ್ದಕ್ಕೆ ಸ್ಟೀಲಿನ ಚೊಂಬು ಎಸೆದ. ಅದು ಅತ್ತೆಯ ಕನ್ನಡಕಕ್ಕೆ ತಾಗಿ ಫ್ರೇಮ್ ಮುರಿಯಿತು. ನಾನು ಅವನ ಕೆನ್ನೆಗೆ ಹೊಡೆದೆ. ಅವನು ಅಳಲಿಲ್ಲ, ಸುಮ್ನೆ ನೋಡಿದ. ರಾತ್ರಿ ಹತ್ತಕ್ಕೆ ನೋಡಿದರೆ ಅಡುಗೆಮನೆಯ ಮೂಲೆಯಲ್ಲಿ ಕೂತು ಆ ಫ್ರೇಮಿಗೆ ಫೆವಿಕಾಲ್ ಹಚ್ಚುತ್ತಿದ್ದ. ಮಾತ್ರೆಯಿಂದಲೇ ಹೀಗಾಗಿದೆ, ಇದು ಚಟವಾಗುತ್ತದೆ, ನಿಲ್ಲಿಸು ಅಂತ ಅತ್ತೆ ಹೇಳುತ್ತಾರೆ. ಊರಿಗೆ ಹೋಗಿ ಭಟ್ಟರಿಂದ ನೂಲು ಕಟ್ಟಿಸೋಣ ಎನ್ನುತ್ತಾರೆ. ‘ನಾನೂ ಹೀಗೇ ಇದ್ದೆ, ಅಪ್ಪನ ಏಟು ಬಿದ್ದ ಮೇಲೆ ಸರಿಹೋದೆ’ ಎನ್ನುವ ಗಂಡ ಭಾನುವಾರ ಮಾತ್ರೆ ಕೊಡಲು ಬಿಡುವುದಿಲ್ಲ. ಮಗ ಊಟವನ್ನೂ ಸರಿ ಮಾಡುವುದಿಲ್ಲ. ಯೂನಿಫಾರ್ಮಿನ ಪ್ಯಾಂಟಿಗೆ ಪಿನ್ ಹಾಕಿ ಕಳಿಸುತ್ತಿದ್ದೇನೆ. ಮಾತ್ರೆ ನಿಲ್ಲಿಸಲೇ? ನಾನು ಕೆಟ್ಟ ತಾಯಿಯಾ?

ಉತ್ತರ: ಕೆಟ್ಟ ತಾಯಿ ಮಗನ ಪ್ಯಾಂಟಿನ ಪಿನ್ನಿನ ವಿಷಯ ಪತ್ರದಲ್ಲಿ ಬರೆಯುವುದಿಲ್ಲಮ್ಮ. ಅದನ್ನು ಇಲ್ಲಿಗೇ ಬಿಡೋಣ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೂರನೇ ಸಲ ಪೆನ್ನು ಹಿಡಿದು, ಪ್ರತಿ ಜಗಳದ ಪಕ್ಕ ಅದು ನಡೆದಿರಬಹುದಾದ ಹೊತ್ತು ಬರೆದೆ. ಟ್ಯೂಷನ್ ಎಂದರೆ ಸಂಜೆ. ಹೋಮ್‌ವರ್ಕ್ ಎಂದರೆ ನೀವು ಬಂದ ಮೇಲೆ, ಎಂಟು ಗಂಟೆ. ಬೆಳಗಿನ ಜಗಳ ಒಂದೂ ಇಲ್ಲ. ಶಾಲೆಯ ದೂರೂ ಕಡಿಮೆಯಾಗಿದೆ ಎನ್ನುತ್ತೀರಿ. ಅಂದರೆ ಈ ಸಿಟ್ಟಿಗೆ ಒಂದು ಹೊತ್ತಿದೆ. ಹುಡುಗನನ್ನೋ ಮಾತ್ರೆಯನ್ನೋ ದೂರುವ ಮೊದಲು ಗಡಿಯಾರ ನೋಡಿ.

ಈ ಔಷಧಿಯ ಸಾದಾ ಮಾತ್ರೆ ಸುಮಾರು ನಾಲ್ಕು ಗಂಟೆ ಕೆಲಸ ಮಾಡುತ್ತದೆ. ನಿಧಾನದ ಮಾತ್ರೆಗಳಲ್ಲಿ ಕೆಲವು ಎಂಟು ಗಂಟೆ, ಕೆಲವು ಹನ್ನೆರಡು ಗಂಟೆಯ ತನಕ ನಡೆಯುತ್ತವೆ. ನಿಮ್ಮ ಮನೆಯದು ಎಂಟು ಗಂಟೆಯದ್ದಾದರೆ ಮೂರೂವರೆ, ನಾಲ್ಕಕ್ಕೆ ಇಳಿಯತೊಡಗುತ್ತದೆ. ಇಳಿಯುವ ಹೊತ್ತಲ್ಲಿ ಕೆಲವು ಮಕ್ಕಳಲ್ಲಿ ಸಿಟ್ಟು, ಅಳು, ಚಡಪಡಿಕೆ ಮೊದಲಿಗಿಂತ ಜೋರಾಗಿ ಬರುತ್ತದೆ. ಡಾಕ್ಟರುಗಳು ಇದನ್ನು ‘ರಿಬೌಂಡ್’ ಎನ್ನುತ್ತಾರೆ. ಇದರ ಜೊತೆಗೆ ಹಸಿವೂ ಸೇರುತ್ತದೆ. ಮಾತ್ರೆ ಕೆಲಸ ಮಾಡುವಾಗ ಮಗುವಿಗೆ ಹಸಿವು ಗೊತ್ತಾಗುವುದಿಲ್ಲ. ಡಬ್ಬಿ ತುಂಬಿದ ಹಾಗೇ ವಾಪಸ್ ಬರುತ್ತಿರಬೇಕು, ಅಲ್ವಾ? ಬೆಳಗಿನಿಂದ ಖಾಲಿ ಹೊಟ್ಟೆ, ಇಡೀ ದಿನ ಬೆಂಚಿನ ಮೇಲೆ ಬಿಗಿಹಿಡಿದು ಕೂತ ಸುಸ್ತು, ಇಳಿಯುತ್ತಿರುವ ಮಾತ್ರೆ. ಆ ಹುಡುಗನನ್ನು ಸರಿಯಾಗಿ ಅದೇ ಹೊತ್ತಿಗೆ ಟ್ಯೂಷನ್‌ಗೆ ಕೂರಿಸುತ್ತಿದ್ದೇವೆ.

ನನ್ನ ಊಹೆ ತಪ್ಪಿರಬಹುದು. ಅದಕ್ಕೇ ಒಂದು ಕೆಲಸ ಮಾಡಿ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಎರಡು ವಾರ ಬರೆದಿಡಿ: ಮಾತ್ರೆ ಎಷ್ಟಕ್ಕೆ, ಏನು ತಿಂದ, ಸಿಟ್ಟು ಎಷ್ಟಕ್ಕೆ, ಎಷ್ಟು ಹೊತ್ತು, ನಿದ್ದೆ ಯಾವಾಗ. ನೀವಿಲ್ಲದ ಹೊತ್ತಿನದ್ದನ್ನು ಅತ್ತೆಯೇ ಬರೆಯಲಿ. ಆ ಹಾಳೆ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ. ‘ಸಿಟ್ಟು ಜಾಸ್ತಿ’ ಎಂದಷ್ಟೇ ಹೇಳಿದರೆ ಅವರಿಗೆ ಏನೂ ಹೊಳೆಯುವುದಿಲ್ಲ. ‘ವಾರದಲ್ಲಿ ನಾಲ್ಕು ದಿನ, ಸಂಜೆ ಐದರ ಆಸುಪಾಸು’ ಎಂದರೆ ಅವರ ಕೈಗೆ ಹಿಡಿ ಸಿಗುತ್ತದೆ. ಮಾತ್ರೆಯ ಹೊತ್ತು ಬದಲಿಸಬಹುದು, ಹೆಚ್ಚು ಹೊತ್ತು ನಡೆಯುವ ಬಗೆ ಕೊಡಬಹುದು, ಮಧ್ಯಾಹ್ನಕ್ಕೆ ಸಣ್ಣದೊಂದು ಡೋಸ್ ಸೇರಿಸಬಹುದು. ಅಟೊಮಾಕ್ಸೆಟಿನ್ ಎಂಬ ಬೇರೆ ಜಾತಿಯ ಔಷಧಿಯೂ ಇದೆ, ಆದರೆ ಅದರ ಗುಣ ಪೂರ್ತಿ ಕಾಣಲು ವಾರಗಳೇ ಬೇಕು. ಇದರಲ್ಲಿ ಯಾವುದನ್ನೂ ನೀವಾಗಿ ಮಾಡಬೇಡಿ.

ಇನ್ನೊಂದು ಮಾತು. ಮಾತ್ರೆ ಕೊಟ್ಟ ಒಂದೆರಡು ಗಂಟೆಯಲ್ಲೇ ಸಿಟ್ಟು, ಅಳು ಬಂದರೆ, ಅಥವಾ ಹುಡುಗ ದಿನವಿಡೀ ಮಂಕಾಗಿ ಕೂತರೆ ಅದು ಬೇರೆ ಕಥೆ. ಡೋಸ್ ಹೆಚ್ಚಾಗಿರಬಹುದು, ಆ ಔಷಧಿ ಅವನಿಗೆ ಒಗ್ಗದೇ ಇರಬಹುದು. ಎದೆನೋವು, ತಲೆಸುತ್ತಿ ಬೀಳುವುದು, ಇಲ್ಲದ್ದು ಕಾಣುವುದು, ಸಾಯುವ ಮಾತು ಬಂದರೆ ಎರಡು ವಾರ ಕಾಯಬೇಡಿ, ಅದೇ ದಿನ ಡಾಕ್ಟರಿಗೆ ತಿಳಿಸಿ.

ಆ ಪಿನ್ನಿನ ವಿಷಯ ಡಾಕ್ಟರಿಗೆ ಹೇಳಿದ್ದೀರಾ? ಹೇಳಲೇಬೇಕು. ಈ ಮಾತ್ರೆ ತಗೊಳ್ಳುವ ಮಕ್ಕಳ ತೂಕ, ಎತ್ತರ, ನಾಡಿ, ಬಿಪಿ ಆಗಾಗ ನೋಡುತ್ತಿರಬೇಕು. ಅಲ್ಲಿತನಕ ಊಟವನ್ನು ಮಾತ್ರೆಯ ಎರಡೂ ತುದಿಗೆ ಸರಿಸಿ. ಬೆಳಿಗ್ಗೆ ಮಾತ್ರೆಗೆ ಮೊದಲು ಹೊಟ್ಟೆ ತುಂಬ ತಿಂಡಿ: ಎರಡು ದೋಸೆ, ತುಪ್ಪ, ಒಂದು ಮೊಟ್ಟೆ. ಶಾಲೆಯಿಂದ ಬಂದ ಕೂಡಲೇ, ಬ್ಯಾಗು ಇಳಿಸುವ ಮುಂಚೆಯೇ, ಅತ್ತೆ ಕೈಗೆ ಏನಾದರೂ ಕೊಡಲಿ. ಅವಲಕ್ಕಿ, ಬಾಳೆಹಣ್ಣು, ಚಿಕ್ಕಿ, ಯಾವುದಾದರೂ ಸರಿ. ಒಂಬತ್ತು ಗಂಟೆಗೆ ಹಸಿವು ಎಂದರೆ ಗದರಬೇಡಿ, ಬಡಿಸಿ.

ಟ್ಯೂಷನ್ ಸದ್ಯ ನಿಲ್ಲಿಸಿ. ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಆ ಹೊತ್ತಲ್ಲಿ ಅವನು ಬಿಲ್ಡಿಂಗ್ ಕಾಂಪೌಂಡಿನಲ್ಲಿ ಚೆಂಡು ಒದೆಯಲಿ. ಮಳೆಗಾಲದಲ್ಲಿ ಮೆಟ್ಟಿಲು ಹತ್ತಿ ಇಳಿಯಲಿ. ಹೋಮ್‌ವರ್ಕ್ ಹದಿನೈದು ನಿಮಿಷ, ಆಮೇಲೆ ಐದು ನಿಮಿಷ ಬಿಡುವು, ಮತ್ತೆ ಹದಿನೈದು. ನಿಂತುಕೊಂಡು ಬರೆದರೂ ಅಡ್ಡಿಯಿಲ್ಲ. ಉಳಿದದ್ದಕ್ಕೆ ಡೈರಿಯಲ್ಲಿ ‘ಇವತ್ತು ಇಷ್ಟೇ ಆಯಿತು’ ಎಂದು ನೀವೇ ಬರೆದು ಸಹಿ ಹಾಕಿ. ಅವನು ಓದು, ಬರಹ, ಲೆಕ್ಕದಲ್ಲಿ ವಿಪರೀತ ಒದ್ದಾಡುತ್ತಿದ್ದರೆ ಕಲಿಕೆಯ ತೊಂದರೆಯೂ ಜೊತೆಗಿದೆಯೇ ಎಂದು ಪರೀಕ್ಷೆ ಮಾಡಿಸಿ. ಎರಡೂ ಒಟ್ಟಿಗೆ ಇರುವುದು ಅಪರೂಪವಲ್ಲ. ಸಯನ್ ಆಸ್ಪತ್ರೆಯಲ್ಲಿ ಅದಕ್ಕೆಂದೇ ಕ್ಲಿನಿಕ್ ಇದೆ.

ನೀವು ಸಹ ಎಂಟು ಗಂಟೆಗೆ ಯಾವ ಸ್ಥಿತಿಯಲ್ಲಿ ಬಂದಿರುತ್ತೀರಿ? ಲೋಕಲ್‌ನಲ್ಲಿ ಒಂದೂಕಾಲು ಗಂಟೆ, ಅದರಲ್ಲಿ ಠಾಣೆಯ ತನಕ ನಿಂತೇ. ಚಪ್ಪಲಿ ಬಿಡುವ ಮುಂಚೆ ‘ಹೋಮ್‌ವರ್ಕ್ ಆಯ್ತಾ?’ ಎಂದು ಕೇಳಿರುತ್ತೀರಿ. ಮೊದಲ ಹತ್ತು ನಿಮಿಷ ಆ ಮಾತು ಬೇಡ. ಮುಖ ತೊಳೆದು, ಚಹಾ ಕುಡಿದು, ಅವನ ಪಕ್ಕ ಕೂತು ಬೇರೆ ಏನಾದರೂ ಮಾತಾಡಿ.

ಸಿಟ್ಟು ಏರುವ ಮುಂಚೆ ಅವನ ಮೈ ಏನೋ ಹೇಳುತ್ತದೆ. ಕೆಲವರು ಕಾಲರ್ ಕಚ್ಚುತ್ತಾರೆ, ಕೆಲವರ ಕಿವಿ ಕೆಂಪಾಗುತ್ತದೆ. ನಿಮ್ಮವನದ್ದು ಏನೆಂದು ಕಂಡುಹಿಡಿಯಿರಿ. ಆಗಲೇ ಹೊರಗೆ ಕಳಿಸಿ, ನೀರು ಕೊಡಿ. ಏರಿದ ಮೇಲೆ ಬುದ್ಧಿವಾದ ತಲೆಗೆ ಹೋಗುವುದಿಲ್ಲ. ತಂಗಿಯನ್ನು ಒಳಗೆ ಕಳಿಸಿ, ಎಸೆಯುವಂಥದ್ದನ್ನು ಸರಿಸಿ, ದನಿ ತಗ್ಗಿಸಿ. ‘ನಾನಿಲ್ಲೇ ಇದ್ದೇನೆ. ಎಸೆಯುವುದು ಬೇಡ.’ ಇಷ್ಟೇ ಸಾಕು. ಶಿಕ್ಷೆ ಘೋಷಿಸಲು ಅದು ಹೊತ್ತಲ್ಲ. ತಣ್ಣಗಾದ ಮೇಲೆ, ಅದೇ ದಿನ, ಮುರಿದದ್ದನ್ನು ಸರಿಮಾಡುವ ಒಂದು ಸಣ್ಣ ಕೆಲಸ ಅವನಿಗಿರಲಿ.

ಆ ಕೆಲಸವನ್ನು ಅವನಾಗಿಯೇ ಮಾಡುತ್ತಿದ್ದ, ಗಮನಿಸಿದ್ದೀರಾ? ಯಾರೂ ಹೇಳದೆ, ಏಟು ತಿಂದ ಕೆನ್ನೆಯಲ್ಲೇ, ಅಜ್ಜಿಯ ಕನ್ನಡಕಕ್ಕೆ ಅಂಟು ಹಚ್ಚುತ್ತಿದ್ದ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಸಾಲು. ತಪ್ಪು ಮಾಡಿದೆ ಎಂದು ಅವನಿಗೆ ಗೊತ್ತು. ಗೊತ್ತಾಗುವುದು ಕೈ ಎಸೆದಾದ ಮೇಲೆ. ತಡೆಯುವ ಭಾಗ ಅವನ ಮೆದುಳಿನಲ್ಲಿ ನಿಧಾನವಾಗಿ ಬಲಿಯುತ್ತಿದೆ. 2007ರಲ್ಲಿ ಅಮೆರಿಕದ ಸಂಶೋಧಕರು ನೂರಾರು ಮಕ್ಕಳ ಮೆದುಳಿನ ಸ್ಕ್ಯಾನ್ ಹೋಲಿಸಿದ್ದರು. ಬೇರೆ ಮಕ್ಕಳ ಮೆದುಳಿನ ಹೊರಪದರ ಸುಮಾರು ಏಳೂವರೆ ವರ್ಷಕ್ಕೆ ಮುಟ್ಟುವ ಘಟ್ಟವನ್ನು ಎಡಿಎಚ್‌ಡಿ ಇರುವ ಮಕ್ಕಳದ್ದು ಹತ್ತೂವರೆಗೆ ಮುಟ್ಟಿತ್ತು. ಹಾಗಾಗಿ ಸಿಟ್ಟಿನ ವಿಷಯದಲ್ಲಿ ಅವನನ್ನು ಒಂಬತ್ತರ ಹುಡುಗ ಎಂದುಕೊಳ್ಳಬೇಡಿ, ಆರರವನು ಎಂದುಕೊಂಡು ನಡೆಸಿ.

ಹೊಡೆದದ್ದಕ್ಕೆ ಅವನ ಹತ್ತಿರ ಕ್ಷಮೆ ಕೇಳಿ. ಒಂದೇ ವಾಕ್ಯದಲ್ಲಿ: ‘ನಾನು ಹೊಡೆದದ್ದು ತಪ್ಪು.’ ‘ಆದರೆ ನೀನು...’ ಎಂದು ಮುಂದುವರಿಸಬೇಡಿ.

ಅತ್ತೆಯವರಿಗೆ ಹೇಳಿ, ನೂಲು ಕಟ್ಟಿಸಲಿ, ಅಡ್ಡಿಯಿಲ್ಲ. ಅವರ ಜೀವಕ್ಕೆ ಸಮಾಧಾನವಾಗುತ್ತದೆ. ಮಾತ್ರೆಯೂ ಇರಲಿ. ಚಟದ ಹೆದರಿಕೆ ಅವರಿಗೆ ಬಂದದ್ದು ಔಷಧಿ ಅಂಗಡಿಯಲ್ಲಿ ಚೀಟಿಗೆ ಮಾಡುವ ಕಟ್ಟುನಿಟ್ಟಿನಿಂದ ಇರಬಹುದು. 1985ರ ಮಾದಕ ವಸ್ತು ಕಾಯ್ದೆಯ ಪಟ್ಟಿಯಲ್ಲಿ ಈ ಔಷಧಿಯ ಹೆಸರಿದೆ, ಅದಕ್ಕೇ ಆ ಕಟ್ಟುನಿಟ್ಟು. ಡಾಕ್ಟರು ಹೇಳಿದಷ್ಟೇ ಡೋಸಿನಲ್ಲಿ, ಅವರ ನಿಗಾದಲ್ಲಿ ತಗೊಳ್ಳುವ ಮಗುವಿಗೆ ಚಟ ಹತ್ತುವ ಭಯ ಬೇಡ. ಮಾತ್ರೆ ಡಬ್ಬಿ ಮಾತ್ರ ನಿಮ್ಮ ಕೈಯಲ್ಲೇ, ಬೀಗದೊಳಗೆ ಇರಲಿ. ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ, ಆದ್ದರಿಂದ ಒಂದು ವಾರದ್ದು ಉಳಿದಿರುವಾಗಲೇ ತಂದಿಡಿ.

ಭಾನುವಾರ ಬಿಡುವು ಕೊಡುವುದನ್ನು ಕೆಲವು ಡಾಕ್ಟರುಗಳೇ ಒಪ್ಪುತ್ತಾರೆ. ಆದರೆ ನಿರ್ಧಾರ ಅವರದ್ದಾಗಬೇಕು. ಮುಂದಿನ ಭೇಟಿಗೆ ಯಜಮಾನರನ್ನೂ ಕರೆದುಕೊಂಡು ಹೋಗಿ, ಅವರೇ ಕೇಳಲಿ. ‘ನಾನೂ ಹೀಗೇ ಇದ್ದೆ’ ಎಂದರಲ್ಲ, ಅದನ್ನು ಜಗಳದ ಮಾತು ಎಂದು ತಳ್ಳಿಹಾಕಬೇಡಿ. ಎಡಿಎಚ್‌ಡಿ ಮನೆತನದಲ್ಲಿ ಬರುವಂಥದ್ದು, ಅವರು ನಿಜವನ್ನೇ ಹೇಳುತ್ತಿರಬಹುದು. ಒಂದು ರಾತ್ರಿ ಊಟ ಬಡಿಸುತ್ತಾ ಕೇಳಿ: ‘ಆ ಏಟು ಬಿದ್ದಾಗ ನಿಮಗೆ ಹೇಗಾಗಿತ್ತು?’ ಉತ್ತರ ಬರಲು ಹೊತ್ತು ಹಿಡಿಯಬಹುದು. ಕಾಯಿರಿ.

ನಿಮಗೇ ತಡೆಯಲಾಗದ ರಾತ್ರಿ ಬಂದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಈ ಭಾನುವಾರ ಅತ್ತೆಯ ಕನ್ನಡಕ ಸರಿಮಾಡಿಸಲು ಹೋಗುವಾಗ ಅವನನ್ನೂ ಕರೆದುಕೊಂಡು ಹೋಗಿ. ಹೊಸ ಫ್ರೇಮ್ ಅಜ್ಜಿಯ ಜೊತೆ ಅವನೂ ಆರಿಸಲಿ. ಅಂಗಡಿಯಿಂದ ಮನೆಯ ತನಕ ಆ ಡಬ್ಬಿ ಅವನ ಕೈಯಲ್ಲೇ ಇರಲಿ.