ನಾಲೆ ಏರಿ ಮೇಲಿನ ನಡಿಗೆ: ಲಂಡನ್‌ಗೆ ಹೊರಟ ಅಕ್ಕನಿಗೆ, ಜೊತೆಗೆ ನಮ್ಮ ಹಾಸನದ ಗುಂಪಿಗೂ

ಅಕ್ಕಾ, ನೀವು ಕೇಳಿದ್ದು ಮೂರು. ಮೇ ತಿಂಗಳಲ್ಲಿ ಮಗಳ ಮನೆಗೆ ಲಂಡನ್‌ಗೆ ಹೋಗ್ತಿದ್ದೀರಿ, ಮನೆ ರೀಜೆಂಟ್ಸ್ ಕೆನಾಲ್ ಪಕ್ಕದಲ್ಲೇ ಇದೆ, ಅಲ್ಲಿ ಗೈಡ್ ಜೊತೆ ದಂಡೆ ಮೇಲೆ ನಡೆಸುವ ಹಿಸ್ಟರಿ ವಾಕ್‌ಗೆ ದುಡ್ಡು ಕೊಟ್ಟು ಹೋಗಬಹುದಾ? ಯಜಮಾನರ ಮಂಡಿ ನೋವಿಗೆ ಆಗುತ್ತಾ? ವಾಪಸ್ ಬಂದಮೇಲೆ ಹೇಮಾವತಿ ನಾಲೆ ಮೇಲೆ ನಮ್ಮ ಗುಂಪೂ ಅಂಥದ್ದೊಂದು ನಡಿಗೆ ಇಟ್ಟುಕೊಳ್ಳಬಹುದಾ? ನಿಮ್ಮ ಪ್ರಶ್ನೆ ಕೆಳಗೆ ಒಬ್ಬರು "ನಾಲೆ ನೋಡೋಕೆ ಲಂಡನ್ ಯಾಕೆ, ಗೊರೂರಿಗೆ ಬಸ್ಸಿಲ್ವಾ" ಅಂತ ಹಾಕಿದ್ದಾರೆ. ಓದಿ ನಾನೂ ನಕ್ಕೆ. ಆದರೆ ನಾನು ನೌಕರಿಯ ಅರ್ಧ ಆಯಸ್ಸು ನಾಲೆ ಏರಿ ಮೇಲೆ ಕಳೆದವನು, ಮಗನ ಮನೆಗೆ ಹೋದಾಗ ಎರಡು ಸಲ ಆ ನಡಿಗೆಗೂ ಹೋಗಿಬಂದವನು. ಅದಕ್ಕೇ ಸ್ವಲ್ಪ ಉದ್ದ ಬರೀತಿದ್ದೀನಿ, ಬೇಜಾರಾದರೆ ಮಂಡಿ ನೋವಿನ ಭಾಗಕ್ಕೆ ನೇರ ಇಳಿಯಿರಿ.

ಹೋಗುವ ಮೊದಲು ಒಂದು ವಿಷಯ ಗೊತ್ತಿರಲಿ. ನಮ್ಮ ನಾಲೆ ಇರೋದು ನೀರು ಸಾಗಿಸೋಕೆ. ಅವರದು ನೀರಿನ ಮೇಲೆ ಸಾಮಾನು ಸಾಗಿಸೋಕೆ. ನಮ್ಮಲ್ಲಿ ನೀರು ಹರೀತಾ ಇರಬೇಕು, ಅಲ್ಲಿ ಹೆಚ್ಚುಕಮ್ಮಿ ನಿಂತೇ ಇರಬೇಕು. ಇದು ಗೊತ್ತಿಲ್ಲದೆ ಹೋಗಿ ನಾನು ಮೊದಲ ದಿನ "ಇದೇನು, ಕೆರೆ ಹಿನ್ನೀರಿನ ಹಾಗೆ ಪಾಚಿ ಕಟ್ಟಿದೆ" ಅಂತ ಮೂಗು ಮುರಿದಿದ್ದೆ. ಪಕ್ಕದ ದಾರಿಯೂ ನಮ್ಮ ಇನ್‌ಸ್ಪೆಕ್ಷನ್ ರಸ್ತೆಯಂಥದ್ದಲ್ಲ. ದೋಣಿಗೆ ಹಗ್ಗ ಕಟ್ಟಿ ಕುದುರೆ ಎಳ್ಕೊಂಡು ಹೋಗಲಿ ಅಂತಲೇ ಮಾಡಿದ್ದು. ನೀರಿನ ಮೇಲಾದರೆ ಒಂದೇ ಕುದುರೆ 25-30 ಟನ್ ಹೊರೆಯ ದೋಣಿ ಎಳೆಯುತ್ತೆ. ಗಾಡಿ ರಸ್ತೆಯಲ್ಲಿ ಅಷ್ಟಕ್ಕೆ ಎಷ್ಟು ಜೊತೆ ಎತ್ತು ಬೇಕು ಅಂತ ನೀವೇ ಲೆಕ್ಕ ಹಾಕಿ.

ಕಾಲುವೆ ಪ್ಯಾಡಿಂಗ್ಟನ್ ಕಡೆಯಿಂದ ಹೊರಟು, ಊರಿನ ಉತ್ತರಕ್ಕೆ ಬಳಸಿ, ಲೈಮ್‌ಹೌಸ್ ಹತ್ತಿರ ಥೇಮ್ಸ್ ನದಿಗೆ ಸೇರುತ್ತೆ. ಒಟ್ಟು 14 ಕಿ.ಮೀ. ಹತ್ತಿರ. 1812ರಲ್ಲಿ ಕೆಲಸ ಶುರು, ಕ್ಯಾಮ್ಡೆನ್ ತನಕ 1816ರಲ್ಲಿ ತೆರೆದರು, ಪೂರ್ತಿ ಮುಗಿದದ್ದು 1820ರಲ್ಲಿ. ಇಷ್ಟರಲ್ಲಿ ನೆಲ ಸುಮಾರು 26 ಮೀಟರ್ ಇಳಿಯುತ್ತೆ. ನಾವಾದರೆ ಅಲ್ಲಲ್ಲಿ ಡ್ರಾಪ್ ಕಟ್ಟಿ ನೀರನ್ನು ಧುಮುಕಿಸ್ತೀವಿ. ದೋಣಿಯನ್ನು ಹಾಗೆ ಧುಮುಕಿಸೋಕೆ ಆಗಲ್ಲವಲ್ಲ, ಅದಕ್ಕೆ 12 ಕಡೆ ಲಾಕ್ ಇಟ್ಟಿದ್ದಾರೆ. ಹಿಂದೊಂದು ಮುಂದೊಂದು ಕದ ಇರುವ ತೊಟ್ಟಿ ಅಂದ್ಕೊಳ್ಳಿ. ದೋಣಿ ಒಳಗೆ ಬಂತು, ಹಿಂದಿನ ಕದ ಮುಚ್ಚಿದರು, ನೀರು ಕೆಳಕ್ಕೆ ಬಿಟ್ಟರು, ಅದರ ಜೊತೆ ದೋಣಿಯೂ ಕೂತ್ಕೊಂತು, ಮುಂದಿನ ಕದ ತೆಗೆದರು. ಯಾವುದಾದರೂ ಲಾಕ್ ಹತ್ತಿರ ದೋಣಿ ಬರುವ ತನಕ ಕಾದು ನೋಡಿ, ಗೈಡ್ ಹೊರಟರೂ ನೀವು ನಿಲ್ಲಿ. ಒಂದೊಂದು ದೋಣಿಗೂ ಒಂದೊಂದು ತೊಟ್ಟಿ ನೀರು ಕೆಳಕ್ಕೆ ಹೋಗೇ ಹೋಗುತ್ತೆ. ಆ ನಷ್ಟ ತುಂಬೋಕೇ 1835ರ ಹೊತ್ತಿಗೆ ಬ್ರೆಂಟ್ ಅನ್ನೋ ಜಲಾಶಯ ಕಟ್ಟಬೇಕಾಯ್ತು. ನೀರಿನ ಕೊರತೆ ಅವರನ್ನೂ ಬಿಟ್ಟಿಲ್ಲ ಅಂತ ತಿಳಿದು ನನಗೆ ಒಳಗೊಳಗೇ ಸಮಾಧಾನ ಆಯ್ತು ಅನ್ನಿ.

ಈಗ ದುಡ್ಡು ಕೊಟ್ಟು ಹೋಗಬಹುದಾ ಅನ್ನೋದಕ್ಕೆ. ದಾರಿ ಪುಕ್ಕಟೆ, ಯಾರ ಅಪ್ಪಣೆಯೂ ಬೇಡ, ದಿನಾ ನೀವೇ ನಡೀಬಹುದು. ಆದರೂ ಒಂದು ಸಲ ಗೈಡ್ ಜೊತೆ ಹೋಗಿ, ಅದೂ ಮೊದಲ ವಾರದಲ್ಲೇ. ಯಾಕೆ ಅಂತ ಹೇಳ್ತೀನಿ. ರೀಜೆಂಟ್ಸ್ ಪಾರ್ಕಿನ ಉತ್ತರದ ಅಂಚಿನಲ್ಲಿ ಮ್ಯಾಕಲ್ಸ್‌ಫೀಲ್ಡ್ ಅಂತ ಒಂದು ಸೇತುವೆ ಇದೆ, ಅದರ ಕೆಳಗೆ ಎರಕದ ಕಬ್ಬಿಣದ ಕಂಬಗಳು. ನಾನು ಒಬ್ಬನೇ ಅದರಡಿ ನಾಲ್ಕು ಸಲ ಹಾದುಹೋಗಿದ್ದೆ, ಏನೂ ಕಂಡಿರಲಿಲ್ಲ. ಐದನೇ ಸಲ ಗೈಡ್ ಜೊತೆ ಹೋದಾಗ ಆತ ಮಾತೇ ಆಡದೆ ನನ್ನ ಬೆರಳು ಹಿಡಿದು ಕಂಬದ ಮೇಲಿಟ್ಟ. ಬೆರಳು ಕೂರುವಷ್ಟು ಆಳದ ಗೀರುಗಳು, ಒಂದರ ಕೆಳಗೊಂದು. ದೋಣಿ ಎಳೆಯುವ ಹಗ್ಗ ವರ್ಷಾನುಗಟ್ಟಲೆ ಉಜ್ಜಿ ಉಜ್ಜಿ ಕಬ್ಬಿಣ ಸವೆದಿತ್ತು. ನಮ್ಮೂರ ಸೇದೋ ಬಾವಿಯ ಕಟ್ಟೆ ಕಲ್ಲು ನೆನಪಾಯ್ತು, ನಮ್ಮಜ್ಜಿ ಸೇದಿ ಸವೆಸಿದ್ದು. ಆಮೇಲೆ ಆತ ನನ್ನನ್ನು ಕಂಬದ ಆಚೆ ಬದಿಗೆ ಕರೆದ. ಅಲ್ಲೂ ಗೀರು! ಹಗ್ಗ ತಾಗೋಕೇ ಸಾಧ್ಯವಿಲ್ಲದ ಬದಿ ಅದು.

ಕಥೆ ಏನಪ್ಪಾ ಅಂದರೆ, 1874ರ ಅಕ್ಟೋಬರ್ 2ರ ಬೆಳಗಿನ ಜಾವ ಟಿಲ್ಬರಿ ಅನ್ನೋ ದೋಣಿ ಮದ್ದಿನಪುಡಿ, ಪೆಟ್ರೋಲಿಯಂ ಹೇರ್ಕೊಂಡು ಇದೇ ಸೇತುವೆ ಕೆಳಗೆ ಬರ್ತಿರುವಾಗ ಸ್ಫೋಟ ಆಯ್ತು. ದೋಣಿಯಲ್ಲಿದ್ದ ಮೂವರೂ ಸತ್ತರು, ಸೇತುವೆ ಹಾರಿಹೋಯ್ತು. ಮತ್ತೆ ಕಟ್ಟುವಾಗ ಹಳೇ ಕಂಬಗಳನ್ನೇ ತಿರುಗಿಸಿ ನಿಲ್ಲಿಸಿದರು. ಹಾಗಾಗಿ ಹಳೇ ಗೀರು ಒಂದು ಬದಿ, ಆಮೇಲೆ ಬಿದ್ದ ಗೀರು ಇನ್ನೊಂದು ಬದಿ. ಜನ ಅದನ್ನು ಈಗಲೂ 'ಬ್ಲೋ ಅಪ್ ಬ್ರಿಜ್' ಅಂತಾರೆ. ಇಷ್ಟನ್ನು ಬೋರ್ಡಿನಲ್ಲೂ ಓದಬಹುದು ನಿಜ. ಆದರೆ ಬೆರಳಿಟ್ಟು ತಿಳಿಯೋದು ಬೇರೆ. ಗೈಡ್‌ಗೆ ಕೊಡುವ ದುಡ್ಡು ಅದಕ್ಕೆ. ಟಿಕೆಟ್ ತಗೊಳ್ಳುವ ಮೊದಲು ಮಗಳಿಗೆ ಹೇಳಿ ಕೇಳಿಸಿ: ದಾರಿಯಲ್ಲಿ ಏನೇನು ಮುಟ್ಟಿ ತೋರಿಸ್ತೀರಿ ಅಂತ. ಬರೀ ಯಾವ ನಟ ಯಾವ ಮನೆಯಲ್ಲಿದ್ದ ಅಂತ ಹೇಳುವ ವಾಕ್‌ಗಳೂ ಇವೆ, ಅವು ಬೇಡ.

ಇನ್ನೊಂದು, ಕ್ಯಾಮ್ಡೆನ್‌ನಿಂದ ಕಿಂಗ್ಸ್ ಕ್ರಾಸ್ ಕಡೆ ಬರುವಾಗ ದಂಡೆಯಿಂದ ನೀರಿಗೆ ಇಳಿಜಾರು ಕಾಣುತ್ತೆ. ಮೇಲೆ ಹಾದುಹೋಗುವ ರೈಲಿನ ಸದ್ದಿಗೆ ಬೆಚ್ಚಿ ನೀರಿಗೆ ಬಿದ್ದ ಕುದುರೆಯನ್ನು ಹತ್ತಿಸೋಕೆ ಮಾಡಿದ್ದು. ಬಟ್ಟೆ ಒಗೆಯೋಕೆ ಅಂದ್ಕೊಂಡಿದ್ದೆ ನಾನು.

ಕಿಂಗ್ಸ್ ಕ್ರಾಸ್ ಹತ್ತಿರವೇ ಲಂಡನ್ ಕೆನಾಲ್ ಮ್ಯೂಸಿಯಂ ಇದೆ. ಸಣ್ಣದು, ಒಂದು ಗಂಟೆ ಸಾಕು. ಆ ಕಟ್ಟಡ ಮೊದಲು ಕಾರ್ಲೊ ಗಟ್ಟಿ ಅನ್ನುವವರ ಐಸ್ ಗೋದಾಮು. ಹೆಸರು ಕೇಳಿ ನಮ್ಮ ಕಡೆಯವರು ಅಂದ್ಕೋಬೇಡಿ, ಸ್ವಿಟ್ಜರ್ಲೆಂಡಿನವರು! ನಾರ್ವೆಯಿಂದ ಹಡಗಿನಲ್ಲಿ ಬಂದ ಮಂಜುಗಡ್ಡೆಯನ್ನು ಇದೇ ಕಾಲುವೆಯಲ್ಲಿ ತಂದು ಬಾವಿಯಂಥ ಗುಂಡಿಯಲ್ಲಿ ತುಂಬಿಡ್ತಿದ್ದರು. ಆ ಗುಂಡಿ ಈಗಲೂ ಬಗ್ಗಿ ನೋಡಬಹುದು. ಮ್ಯೂಸಿಯಂನವರೇ ನಡಿಗೆ ನಡೆಸ್ತಾರೆ, ಇಸ್ಲಿಂಗ್ಟನ್ ಸುರಂಗದೊಳಗೆ ದೋಣಿಯಲ್ಲೂ ಕರ್ಕೊಂಡು ಹೋಗ್ತಾರೆ. ದಿನಾಂಕ ಮೊದಲೇ ನೋಡ್ಕೊಳ್ಳಿ, ದಿನಾ ಇರಲ್ಲ.

ಆ ಸುರಂಗ 878 ಮೀಟರ್. ಒಳಗೆ ಕುದುರೆ ದಾರಿಯೇ ಇಲ್ಲ. ಹಾಗಾಗಿ ಕುದುರೆಯನ್ನು ಬಿಚ್ಚಿ ಗುಡ್ಡದ ಮೇಲಿಂದ ಹೊಡ್ಕೊಂಡು ಹೋಗೋರು. ಒಳಗೆ ಆಳುಗಳು ದೋಣಿ ಮೇಲೆ ಅಂಗಾತ ಮಲಗಿ ಗೋಡೆಯನ್ನು ಕಾಲಿನಿಂದ ಒದ್ದು ಒದ್ದು ದೋಣಿ ದೂಡೋರು, 1826ರಲ್ಲಿ ಹಬೆ ಎಂಜಿನ್ ದೋಣಿ ಬರುವ ತನಕ. ದಂಡೆ ಹಿಡಿದು ನಡೆಯೋರಿಗೂ ಇಲ್ಲಿ ಕುದುರೆ ಗತಿಯೇ: ಮೇಲೆ ಹತ್ತಿ, ಚಾಪೆಲ್ ಮಾರ್ಕೆಟ್ ಸಂತೆಬೀದಿ ಹಾದು, ಆಚೆ ಇಳೀಬೇಕು.

ಮಂಡಿ ವಿಷಯಕ್ಕೂ ಇದೇ ಮುಖ್ಯ. ದಂಡೆ ಉದ್ದಕ್ಕೂ ನೆಲ ಮಟ್ಟಸ, ನಡಿಗೆ ಕಷ್ಟವಿಲ್ಲ. ತೊಂದರೆ ಇರೋದು ಹತ್ತಿ ಇಳಿಯೋದರಲ್ಲಿ. ಕೆಲವು ಕಡೆ ಇಳಿಜಾರು, ಕೆಲವು ಕಡೆ ಬರೀ ಮೆಟ್ಟಿಲು. ಹಾಗಾಗಿ ಯಜಮಾನರಿಗೆ ಸುರಂಗ ದಾಟುವ ನಡಿಗೆ ಬೇಡ, ರೀಜೆಂಟ್ಸ್ ಪಾರ್ಕ್–ಕ್ಯಾಮ್ಡೆನ್ ತುಂಡು ಆರಿಸಿ, ಸೇತುವೆಯೂ ಅದರಲ್ಲೇ ಸಿಗುತ್ತೆ. ಗುಂಪಿನಲ್ಲಿ ಎರಡು ಗಂಟೆ ನಿಂತು ಕೇಳೋದೇ ಮಂಡಿಗೆ ಹೆಚ್ಚು ನೋವು, ನಡೆಯೋದಲ್ಲ. ಮಡಚುವ ಸಣ್ಣ ಸ್ಟೂಲ್ ಒಯ್ಯಿರಿ, ಯಾರೂ ಏನೂ ಅಂದ್ಕೊಳ್ಳಲ್ಲ. ದಂಡೆ ಮೇಲೆ ಶೌಚಾಲಯ ಸಿಗೋದು ಕಷ್ಟ, ಹೊರಡುವ ಮೊದಲೇ ಮುಗಿಸ್ಕೊಳ್ಳಿ. ಸೈಕಲ್‌ನವರು ಹಿಂದಿನಿಂದ ಗಂಟೆ ಹೊಡೀತಾ ಬರ್ತಾರೆ, ಗಾಬರಿಯಾಗಿ ನೀರಿನ ಕಡೆ ಸರೀಬೇಡಿ, ಗೋಡೆ ಕಡೆ ಸರೀರಿ. ಮೇ ತಿಂಗಳಾದರೂ ಸ್ವೆಟರ್ ಇರಲಿ.

ಇನ್ನು ನಮ್ಮ ಹಾಸನದ ಮಾತು. ಆಗುತ್ತೆ, ಖಂಡಿತ ಆಗುತ್ತೆ. ಆದರೆ ನಾನು ಒಂದು ಸಲ ಕೆಡಿಸಿದ್ದೇನೆ, ಅದನ್ನು ಮೊದಲು ಕೇಳಿ. ನಿವೃತ್ತಿಯಾದ ವರ್ಷ ನೆಂಟರಿಷ್ಟರ ಮಕ್ಕಳನ್ನೆಲ್ಲ ಸೇರಿಸಿ ಎಡದಂಡೆ ನಾಲೆ ಮೇಲೆ ಕರ್ಕೊಂಡು ಹೋದೆ. ಹೇಮಾವತಿಗೆ ಕಟ್ಟಿದ ಗೊರೂರು ಅಣೆಕಟ್ಟು 1979ರಲ್ಲಿ ಮುಗಿದದ್ದು, 37 ಟಿಎಂಸಿ ನೀರು, ಆರು ಗೇಟು, ಈ ನಾಲೆ ಬಾಗೂರು–ನವಿಲೆ ಸುರಂಗ ಹಾದು ತುಮಕೂರಿಗೆ ಹೋಗೋದು, ಆ ಸುರಂಗ 9 ಕಿ.ಮೀ.ಗೂ ಹೆಚ್ಚು ಉದ್ದ. ಎಲ್ಲ ಸರಿಯಾದ ಲೆಕ್ಕವೇ. ಕ್ಯೂಸೆಕ್ ಅಂದರೆ ಏನು ಅಂತ ಹೇಳಿ ಮುಗಿಸಿ ತಿರುಗಿ ನೋಡಿದರೆ ಅರ್ಧ ಮಕ್ಕಳು ಸೀಬೆಮರದಲ್ಲಿ. ಅದಕ್ಕಿಂತ ಹೆಚ್ಚಾಗಿ, ಇಬ್ಬರು ನಾಲೆಗೆ ಇಳಿಯೋಕೆ ಹೊರಟಿದ್ದರು. ನನ್ನ ಜೀವ ಬಾಯಿಗೆ ಬಂತು. ಸಿಮೆಂಟ್ ಲೈನಿಂಗ್ ಮಾಡಿದ ಇಳಿಜಾರು, ಅದರ ಮೇಲೆ ಪಾಚಿ, ಹರಿಯುವ ನೀರು. ಜಾರಿದರೆ ಈಜು ಬಂದವರಿಗೂ ಹಿಡಿಯೋಕೆ ಏನೂ ಸಿಗಲ್ಲ. ಲಂಡನ್ ಕಾಲುವೆ ನೋಡಿದ ಕಣ್ಣಲ್ಲಿ ಇದನ್ನು ಅಳೀಬೇಡಿ. ದೊಡ್ಡ ನಾಲೆ ಮೇಲೆ ಗುಂಪು ನಡಿಗೆ ಬೇಡವೇ ಬೇಡ ಅನ್ನೋದು ನನ್ನ ಅಭಿಪ್ರಾಯ.

ಬದಲಿಗೆ ಹೊಳೆನರಸೀಪುರ ತಾಲ್ಲೂಕಿನ ಶ್ರೀರಾಮದೇವರ ಕಟ್ಟೆ ನೋಡಿ. ಗೊರೂರು ಅಣೆಕಟ್ಟಿಗಿಂತ ಎಷ್ಟೋ ಹಳೇದು, ಹೇಮಾವತಿಗೆ ಅಡ್ಡ ಹಾಕಿದ ಕಟ್ಟೆ, ಉತ್ತರಕ್ಕೊಂದು ದಕ್ಷಿಣಕ್ಕೊಂದು ನಾಲೆ. ಹಳೇ ಕಾಲದ ನಾಲೆ ನೆಲದ ಏರುತಗ್ಗು ಹಿಡ್ಕೊಂಡು ಬಳಸ್ತಾ ಹೋಗುತ್ತೆ. ನಾಲ್ಕು ಹೆಜ್ಜೆಗೊಂದು ತಿರುವು, ತೂಬು, ಮೇಲೊಂದು ಕಡೆ ತೆಂಗು, ಕೆಳಗೊಂದು ಕಡೆ ಗದ್ದೆ. ನೀರು ಬಿಡುವ ಮೊದಲು, ನಾಲೆ ಒಣಗಿರುವಾಗ ಹೋದರೆ ತೂಬಿನ ಬಾಯಿ, ಕಲ್ಲಿನ ಕಟ್ಟಡ ಎಲ್ಲ ಕಾಣುತ್ತೆ, ಅಪಾಯವೂ ಕಡಿಮೆ. ನೀರು ಬಿಡೋದು ಸಾಮಾನ್ಯವಾಗಿ ಮಳೆ ಹಿಡಿದು ಜಲಾಶಯ ತುಂಬ್ತಾ ಬಂದಮೇಲೆ. ಆದರೂ ನೀರಾವರಿಯವರ ಸೆಕ್ಷನ್ ಆಫೀಸಿಗೆ ಒಂದು ಪತ್ರ ಕೊಟ್ಟು, ಆ ದಿನ ನೀರು ಬಿಡ್ತಾರಾ ಇಲ್ಲವಾ ಕೇಳಿಯೇ ಹೋಗಬೇಕು. ಎರಡು ಕಿಲೋಮೀಟರು ಸಾಕು, ಬೆಳಿಗ್ಗೆ ಆರೂವರೆಗೆ ಹೊರಟು ಎಂಟೂವರೆಗೆ ತಿಂಡಿ. ಮೊದಲು ನಾವು ಇಬ್ಬರು ಮೂವರು ಹೋಗಿ ದಾರಿ ನೋಡಿ ಬರೋಣ, ಜಾಲಿ ಬೆಳೆದು ಏರಿ ಮುಚ್ಚಿಹೋಗಿರುವ ಜಾಗವೂ ಇರಬಹುದು.

ಗೈಡ್ ನಾನಾಗಲ್ಲ. ಸೌಡಿ ಕೆಲಸ, ಅಂದರೆ ನಾಲೆ ನೀರು ಗದ್ದೆಗಳಿಗೆ ಹಂಚುವ ಕೆಲಸ, ಮಾಡಿ ನಿವೃತ್ತರಾದ ಹಿರಿಯರೊಬ್ಬರು ಪರಿಚಯ, ಮಾತು ಕಡಿಮೆ. ರಾತ್ರಿ ಹೊತ್ತು ಯಾರು ಗೇಟ್ ಎತ್ತಿ ನೀರು ಕದೀತಿದ್ದರು, ಕೊನೇ ಗದ್ದೆಗೆ ನೀರು ಮುಟ್ಟಿಸೋಕೆ ಕಂದೀಲು ಹಿಡಿದು ಎಷ್ಟು ದೂರ ನಡೀತಿದ್ದರು, ಯಾವ ತೂಬಿನ ಹತ್ತಿರ ಗುದ್ದಲಿ ಹಿಡ್ಕೊಂಡು ಹೊಡೆದಾಡಿದ್ದರು, ಅದೆಲ್ಲ ಅವರಿಗೆ ಜಾಗ ಸಮೇತ ಗೊತ್ತು. ಕೂರಿಸಿ ಕೇಳಿದರೆ ಒಂದೂ ಹೇಳಲ್ಲ, ಏರಿ ಮೇಲೆ ನಡೀತಿದ್ದರೆ ತಾನಾಗೇ ಬರುತ್ತೆ. ಮೈಕ್ ಮಾತ್ರ ಕೊಡಬೇಡಿ. ಹನ್ನೆರಡು ಜನಕ್ಕಿಂತ ಹೆಚ್ಚಾದರೆ ಅವರ ದನಿ ಹಿಂದಿನವರಿಗೆ ಕೇಳಲ್ಲ, ಅದಕ್ಕೇ ಹನ್ನೆರಡಕ್ಕೆ ನಿಲ್ಲಿಸೋಣ. ಅವರಿಗೆ ಬಸ್ ಚಾರ್ಜು, ತಿಂಡಿ ಅಂತಲ್ಲ, ಒಂದು ದಿನದ ಸಂಭಾವನೆ ಅಂತಲೇ ಲಕೋಟೆಯಲ್ಲಿ ಕೊಡಬೇಕು. ಲಂಡನ್ನಿನ ಗೈಡ್‌ಗೆ ಕೊಡೋಕೆ ಲೆಕ್ಕ ನೋಡದವರು ಇಲ್ಲಿ ಚೌಕಾಸಿ ಮಾಡೋದು ಬೇಡ.

ನೀವು ವಾಪಸ್ ಬರೋದು ಆಗಸ್ಟ್ ಅಂದ್ರಿ, ಅಷ್ಟೊತ್ತಿಗೆ ನಾಲೆಯಲ್ಲಿ ನೀರಿರುತ್ತೆ. ಅದಕ್ಕೆ ಹೊರಡುವ ಮೊದಲೇ, ಏಪ್ರಿಲ್‌ನಲ್ಲಿ ಒಂದು ಭಾನುವಾರ ಹೇಳಿ. ನಾನು ಆ ಹಿರಿಯರನ್ನು ಕೇಳಿ ಇಲ್ಲೇ ಹಾಕ್ತೀನಿ. ಮೊಮ್ಮಗಳ ನಾಮಕರಣ ಇದೆ ಅಂತಿದ್ದರು, ಆ ವಾರ ಬಿಟ್ಟು ಯಾವುದಾದರೂ ಆಗುತ್ತೆ.