ಬೆಳೆ ಒಣಗಿದ್ದು ವಿಶ್ವಾಸ ಕಡಿಮೆಯಾಗಿ ಅಲ್ಲ

ಪತ್ರದ ಸಾರ: ಆಳಂದ ತಾಲ್ಲೂಕಿನಲ್ಲಿ ನಮ್ಮದು ನಾಲ್ಕು ಎಕರೆ ತೊಗರಿ. ಹೂ ಬಿಡುವ ಹೊತ್ತಿಗೆ ನಿಂತಲ್ಲೇ ಒಣಗಿತು. ಉಪವಾಸ ಪ್ರಾರ್ಥನೆಗೆ ಬಂದ ಬೋಧಕರೊಬ್ಬರು, ‘ಕರ್ತನು ಸಮೃದ್ಧಿ ಜೀವ ಕೊಡಲು ಬಂದವನು. ನಿಮಗೆ ಅದು ಸಿಕ್ಕಿಲ್ಲ ಅಂದರೆ ವಿಶ್ವಾಸ ಸಾಲದು. ಸಾಲ ಮಾಡಿಯಾದರೂ ಕಾಣಿಕೆ ಕೊಡಿ’ ಎಂದರು. ಅದೇ ದಿನ ನನ್ನ ಮೈದುನ ಹೊಸ ಕಾರು ದೇವರ ಕೊಡುಗೆ ಎಂದು ಸಭೆಯ ಮುಂದೆ ಸಾಕ್ಷಿ ಹೇಳಿದ. ಆಮೇಲೆ ನಾನು ಸಭೆಗೆ ಹೋಗಿಲ್ಲ. ನನ್ನಲ್ಲಿ ಏನು ಕಡಿಮೆ?

ಸಹೋದರಿ, ವಂದನೆ.

ಮೊದಲು ಹೊಲದ ಮಾತು. ಒಣಗಿದ ಗಿಡದ ಕಾಂಡ ಸೀಳಿದಾಗ ಒಳಗೆ ಕಪ್ಪು ಗೆರೆ ಕಂಡಿತು ಎಂದು ನೀವೇ ಬರೆದಿದ್ದೀರಿ. ಅದು ನೆಟೆ ರೋಗದ ಗುರುತು. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವ ಶಿಲೀಂಧ್ರದಿಂದ ಬರುತ್ತದೆ. 2022–23ರಲ್ಲಿ ನಮ್ಮ ಕಲಬುರಗಿ ಜಿಲ್ಲೆಯ ತೊಗರಿಯನ್ನು ಇದೇ ರೋಗ ಹಾಳು ಮಾಡಿತು. ಆಗ ಅದು ಗುಡಿಗೆ ಹೋಗುವವರು, ದರ್ಗಾಕ್ಕೆ ಹೋಗುವವರು, ಚರ್ಚಿಗೆ ಹೋಗುವವರು ಎಂದು ಹೊಲ ನೋಡಿ ಬರಲಿಲ್ಲ. ಮುಂದಿನ ಸಲ ಆ ಹೊಲಕ್ಕೆ ಜೋಳ ಹಾಕಿ. ತೊಗರಿಯೇ ಬೇಕೆಂದರೆ ರೋಗ ತಡೆಯುವ ತಳಿ ಹುಡುಕಿ, ಬೀಜಕ್ಕೆ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಉಪಕಾರಿ ಶಿಲೀಂಧ್ರ) ಉಪಚಾರ ಮಾಡಿ. ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿದರೆ ಹೇಳಿಕೊಡುತ್ತಾರೆ.

ಇನ್ನು ಸಮೃದ್ಧಿ ಜೀವದ ಆ ವಚನ. ಬೈಬಲಿನ ಯೋಹಾನ 10:10 ಅನ್ನು ಬೋಧಕರು ಒಂದೇ ಎತ್ತಿಕೊಂಡು ಓದಿದರು ಅನಿಸುತ್ತದೆ. ನೀವು ಹಿಂದಿನ ಅಧ್ಯಾಯದಿಂದ ಓದಿ. ಅಲ್ಲಿ ಒಬ್ಬ ಹುಟ್ಟುಕುರುಡ ಇದ್ದಾನೆ. ಅವನನ್ನು ನೋಡಿ ಶಿಷ್ಯರು ಕೇಳಿದ್ದೂ ನಿಮ್ಮ ಪ್ರಶ್ನೆಯನ್ನೇ: ಪಾಪ ಮಾಡಿದವರು ಯಾರು, ಇವನೋ, ಇವನ ತಂದೆತಾಯಿಯೋ? ಇವನೂ ಅಲ್ಲ, ಅವರೂ ಅಲ್ಲ ಎಂದ ಯೇಸು. ಕಣ್ಣು ಬಂದ ಮೇಲೆ ಆ ಮನುಷ್ಯನಿಗೆ ಸಿಕ್ಕಿದ್ದೇನು? ಧರ್ಮದ ಮುಖಂಡರು ಬೈದು ಹೊರಗೆ ಹಾಕಿದರು. ಹೆತ್ತವರೂ ಹೆದರಿ, ‘ಅವನನ್ನೇ ಕೇಳಿ’ ಎಂದು ಜಾರಿಕೊಂಡರು. ಅವನನ್ನು ಹೊರಗೆ ಹಾಕಿದ ಸುದ್ದಿ ಕೇಳಿ ಯೇಸು ತಾನೇ ಹೋಗಿ ಕಂಡ. ‘ನಾನೇ ಒಳ್ಳೆಯ ಕುರುಬ’ ಎಂಬ ಯೇಸುವಿನ ಮಾತು, ಸಮೃದ್ಧಿ ಜೀವದ ಮಾತು ಬರುವುದು ಅದರ ಬೆನ್ನಿಗೇ. ಹೊರಗೆ ಬಿದ್ದವನಿಗೆ ಒಬ್ಬನ ಜೊತೆ ಸಿಕ್ಕಿತಲ್ಲ, ತುಂಬಿದ ಬದುಕು ಶುರುವಾಗುವುದು ಅಲ್ಲಿಂದ. ಕಾರು ಆ ಕತೆಯಲ್ಲಿ ಎಲ್ಲಿಂದ ಬರಬೇಕು?

ಲೂಕ 12ರಲ್ಲಿ ಬೆಳೆ ಚೆನ್ನಾಗಿ ಬಂದ ರೈತನೊಬ್ಬ ಇದ್ದಾನೆ. ಕಣಜ ಸಾಲದೆ ದೊಡ್ಡದು ಕಟ್ಟಿಸಲು ಹೊರಟವನು. ದೇವರು ಅವನನ್ನು ಬುದ್ಧಿಹೀನ ಎಂದ. ಒಳ್ಳೆ ಬೆಳೆಯೇ ವಿಶ್ವಾಸದ ಗುರುತಾಗಿದ್ದರೆ ಅವನಿಗೆ ಶಭಾಷ್ ಸಿಗಬೇಕಿತ್ತು, ಅಲ್ವಾ?

ನಿಮ್ಮ ಮೈದುನ ಕಾರಿಗೆ ಸ್ತೋತ್ರ ಹೇಳಲಿ, ತಪ್ಪಿಲ್ಲ. (ಸಾಕ್ಷಿ ಹೇಳುವಾಗ ಬ್ಯಾಂಕಿನ ಕಂತಿನ ವಿಷಯ ಯಾರೂ ಎತ್ತುವುದಿಲ್ಲ ಅನ್ನಿ.) ಆದರೆ ನಮ್ಮ ಹಿರಿಯರು ಕಂಡ ತುಂಬು ಜೀವ ಬೇರೆ. ನಿಜಾಮರ ಕಾಲದಲ್ಲಿ ಬೀದರ್ ಸೀಮೆಯ ಹಳ್ಳಿಗಳಲ್ಲಿ ಮೆಥಡಿಸ್ಟ್ ಎಂಬ ಕ್ರೈಸ್ತ ಸಭೆ ಸೇರಿದವರಲ್ಲಿ ಬಹಳಷ್ಟು ಜನ ಬಡ ಮಾದಿಗ ಕುಟುಂಬದವರು. ದೀಕ್ಷಾಸ್ನಾನ ಆದ ಮಾತ್ರಕ್ಕೆ ಅವರಿಗೆ ಜಮೀನು ಬರಲಿಲ್ಲ. ಮಕ್ಕಳಿಗೆ ಅಕ್ಷರ ಬಂತು. ಹೆಣ್ಣುಮಕ್ಕಳೂ ಶಾಲೆ ಕಂಡರು. ಊರ ಹೊರಗೆ ನಿಲ್ಲುತ್ತಿದ್ದವರು ದೇವರ ಮುಂದೆ ಎಲ್ಲರ ಸಮಕ್ಕೆ ಕೂತು ಹಾಡಿದರು. ಬಡತನ ಹೋಗಲಿಲ್ಲ, ಜಾತಿಯ ನೋವೂ ಪೂರ್ತಿ ಹೋಗಲಿಲ್ಲ. ಹಾಗಂತ ಅವರ ವಿಶ್ವಾಸ ಕಡಿಮೆ ಎನ್ನುವ ಧೈರ್ಯ ಯಾರಿಗಿದೆ?

ಸಭೆಗೆ ಹೋಗಿ ಎಂದು ಒತ್ತಾಯ ಮಾಡುವುದಿಲ್ಲ. ಆದರೆ ಆ ಬೋಧಕರು ಬಂದು ಹೋಗುವವರು. ಹೊಲ ಒಣಗಿದ ವಾರ ನಿಮ್ಮ ಮನೆಗೆ ರೊಟ್ಟಿ ಬುತ್ತಿ ತಂದವರು ಅದೇ ಸಭೆಯ ಹೆಂಗಸರು ಎಂದು ಪತ್ರದ ಕೊನೆಯಲ್ಲಿ ಸುಮ್ನೆ ಒಂದು ಸಾಲು ಬರೆದಿದ್ದೀರಿ. ನನಗೆ ಇಡೀ ಪತ್ರದಲ್ಲಿ ಅದೇ ದೊಡ್ಡದಾಗಿ ಕಂಡಿತು. ಅವರಲ್ಲಿ ಒಬ್ಬರ ಮನೆಗಾದರೂ ಹೋಗಿ ಕೂತು ಬನ್ನಿ.

ಕಾಣಿಕೆಯ ವಿಷಯ. ತನ್ನಲ್ಲಿದ್ದ ಎರಡೇ ಕಾಸನ್ನೂ ಕಾಣಿಕೆಗೆ ಹಾಕಿದ ಬಡ ವಿಧವೆಯ ಕತೆಯನ್ನು ಎಲ್ಲ ಬೋಧಕರೂ ಹೇಳುತ್ತಾರೆ. ಮಾರ್ಕ 12ರಲ್ಲಿ ಅದಕ್ಕೆ ಸ್ವಲ್ಪ ಮುಂಚೆಯೇ, ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳ ಬಗ್ಗೆ ಯೇಸು ಎಚ್ಚರಿಕೆ ಕೊಟ್ಟಿದ್ದಾನೆ. ಅದನ್ನು ಯಾಕೋ ಜಾಸ್ತಿ ಜನ ಓದುವುದಿಲ್ಲ. ಸಾಲ ಮಾಡಿ ಕಾಣಿಕೆ ಕೊಡಬೇಡಿ. ಮೊದಲು ಗೊಬ್ಬರದ ಅಂಗಡಿಯ ಬಾಕಿ ತೀರಿಸಿ.

— ಸಂಪಾದಕ